ಅಂಚು

ದೇಚವ್ವ ಜೀಪಿನಿಂದ ರಿಮ್ಮನ್ನು ತಾನೇ ಉರುಳಿಸಿ ಇಳಿಸಿದಳು.
ಹಳೆ ಝೀಟರಿನ ಹಿಂದಿನ ಎಡಗಾಲು.
ವರ್ಷಗಟ್ಟಲೆ ಟ್ಯೂಬಿನ ಉಪ್ಪುನೀರು ಕುಡಿದು
ಹೊಟ್ಟೆಯೊಳಗೆಲ್ಲ ತುಕ್ಕು.
"ಟೈರು ಕೂರ್ತಾ ಇಲ್ಲ. ಗದ್ದೆಯಲ್ಲಿ ಕಲ್ಲು ತಾಗಿತು.
ನಾಳೆ ಸಂಜೆಗೆ ಬೇಕು."

ನಮ್ಮ ಪೊನ್ನಂಪೇಟೆಯ ಗದ್ದೆಯಲ್ಲಿ
ಮೊಣಕಾಲು ಹೂತರೂ ಬೆರಳಿಗೊಂದು ಹರಳು ಸಿಗುವುದಿಲ್ಲ.
ಕೇಳಲಿಲ್ಲ.
ಮೊಯ್ದುಟ್ಟಿಕ್ಕ ಕೈಗೆ ಸುತ್ತಿಗೆ ಕೊಡುವ ಮೊದಲೇ
ಕಿವಿಗೆ ಹಾಕಿದ ಮಾತು:
ಎಷ್ಟು ಬಗ್ಗಿದೆ ನೋಡು,
ಯಾಕೆ ಬಗ್ಗಿತು ಅನ್ನುವುದು ಗಿರಾಕಿಯ ಸ್ವತ್ತು.

ಮುರಿದ ಆಕ್ಸಲ್ಲೊಂದನ್ನು ಅಂಗಳದಲ್ಲಿ ಹೂತಿದ್ದೇನೆ.
ರಿಮ್ಮನ್ನು ಅದಕ್ಕೆ ಸಿಕ್ಕಿಸಿ ತಿರುಗಿಸಿ
ಸೀಮೆಸುಣ್ಣವನ್ನು ಅಂಚಿನ ಮಗ್ಗುಲಲ್ಲಿ
ಉಸಿರು ಬಿಗಿಹಿಡಿದು ಹಿಡಿದರೆ
ಉಬ್ಬಿದ್ದಷ್ಟೇ ಬಂದು ಬಿಳಿ ಮೆತ್ತಿಕೊಳ್ಳುತ್ತದೆ,
ನೆಟ್ಟಗಿದ್ದದ್ದು ಮಾತಾಡದೆ ಹಾದುಹೋಗುತ್ತದೆ.
ಒಂದು ಗೇಣು. ಮೇಲೆ ನಾಲ್ಕು ಬೆರಳು.

ಆಮೇಲೆ ಗ್ಯಾಸು ಹಚ್ಚಿ ಕಾಸುವುದು.
ಎಷ್ಟು ಕಾಸಲಿ ಇಕ್ಕಾ ಅಂದಿದ್ದೆ ಹದಿನಾರರಲ್ಲಿ.
ಬೇಲಿಯಾಚೆಯ ಗಿಡ ತೋರಿಸಿದರು: ಆ ಹಣ್ಣಿನ ಕೆಂಪು.
ಕಾಯಲ್ಲೇ ಹೊಡೆದರೆ ಬಿರುಕು,
ಕಿತ್ತಳೆಗೆ ಬಿಟ್ಟರೆ ಬೆಣ್ಣೆ.
ಕೊಡಗಿನಲ್ಲಿ ಹುಟ್ಟಿದವನಿಗೆ
ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ಅಡಿಗೆ ಆನಿಸಲು ರೈಲು ಹಳಿಯ ತುಂಡು
(ಈ ಜಿಲ್ಲೆಗೆ ರೈಲು ಬರಲಿಲ್ಲ, ಹಳಿ ಬಂತು, ಗುಜರಿಯಲ್ಲಿ).
ಬಾಗಿನ ನಡುವಿಗೆ ಹೊಡೆಯುವವನು ಹೊಸಬ.
ಕೊನೆಗೆ ಬಗ್ಗಿದ್ದು ಮೊದಲು ಏಳಬೇಕು;
ಎರಡೂ ತುದಿಯಿಂದ, ಸಣ್ಣ ಸಣ್ಣ ಏಟು,
ಮಲಗಿದವರ ಬಾಗಿಲು ತಟ್ಟಿದ ಹಾಗೆ.
ಠಣ್ ಅಂದರೆ ಇನ್ನೂ ಇದೆ.
ಠಪ್ ಅಂದರೆ ಹಳಿಗೆ ಕೂತಿದೆ.

ತಂತಿ ಬ್ರಷ್ಷಿನಲ್ಲಿ ಉಜ್ಜುವಾಗಲೇ ಕಂಡಿತ್ತು
ಮಡಿಕೆಯೊಳಗೆ ಕಚ್ಚಿಕೊಂಡ ಒಂದು ಚೂರು ಸುಣ್ಣ.
ಗಡಿಕಲ್ಲಿಗೆ ಬಳಿಯುತ್ತಾರಲ್ಲ, ಅದು.
ಗೀರುಗಳೂ ತಲೆಕೆಳಗು:
ಉಳುವಾಗ ತಾಗಿದ್ದಲ್ಲ, ಹಿಂದಕ್ಕೆ ತೆಗೆಯುವಾಗ,
ಕಲ್ಲಿರಬಾರದ ಜಾಗದಲ್ಲಿ ಕಲ್ಲಿದೆಯೆಂದು ತಿಳಿಯದೆ.
ಅಥವಾ ತಿಳಿದೇ.
ಉಜ್ಜಿಬಿಟ್ಟೆ.

ಒಳಮೈಯಲ್ಲಿ, ಗ್ರೀಸಿನಡಿ, ಸಾಲಾಗಿ ಮೂರು ಚುಕ್ಕಿ.
ಇಕ್ಕನ ಪಂಚು.
ಒಂದು ಸಲ ಅಂಚು ಎತ್ತಿದರೆ ಒಂದು ಚುಕ್ಕಿ, ಅವರ ಲೆಕ್ಕ:
ಕಬ್ಬಿಣಕ್ಕೂ ದಣಿವಿದೆ, ಮುಂದಿನವನಿಗೆ ತಿಳಿದಿರಲಿ.
ಮೂರು ಸಲ! ಆಗ ಟ್ರ್ಯಾಕ್ಟರು ದೇಚವ್ವನ ಮಾವನದ್ದು.

ಮರುದಿನ ಬೆಳಗಾಗುವುದರೊಳಗೆ ಪಳಂಗಪ್ಪ ಬಂದ,
ಅವಳ ಗದ್ದೆಗೆ ತಾಗಿಕೊಂಡ ಗದ್ದೆಯವನು,
ಹೆಗಲ ಮೇಲೆ ಬಿಲ್ಲಿನಂತೆ ಬಾಗಿದ ಹಾರೆ.
"ಸಿಲ್ವರ್ ಮರದ ಬುಡ ಎಬ್ಬಿಸ್ತಾ ಇದ್ದೆ."
ಹಾರೆಯ ಮೂತಿಗೆ ಗದ್ದೆಯ ಕೆಸರು. ಕೆಸರಿನಡಿ ಬಿಳಿ.
"ಆಯ್ತು" ಅಂದೆ.
ಗೋಡೆಗೆ ಒರಗಿಸಿದೆ, ರಿಮ್ಮಿನ ಪಕ್ಕ,
ಬೇರೆ ಜಾಗ ಇರಲಿಲ್ಲ.
"ಇದು ಯಾರದ್ದು?"
"ಗಿರಾಕಿಯದ್ದು."

ಸಂಜೆ ಇಬ್ಬರೂ ಒಟ್ಟಿಗೇ ಬರಬೇಕೆ!
ಅವಳು ಸ್ಟೂಲಿನಲ್ಲಿ, ಅವನು ಡ್ರಮ್ಮಿನ ಮೇಲೆ.
ನಡುವೆ ನಾನು, ಕೊನೆಯ ಏಟುಗಳನ್ನು ಎಳೆಯುತ್ತ.
ಮೆಣಸಿನ ದರ ಕೇಳಿದರು, ನನ್ನನ್ನು.
ಆನೆ ಯಾವ ಕಡೆ ಇಳಿದಿದೆ ಅಂತ ಕೇಳಿದರು, ನನ್ನನ್ನು.
ಚಾ ಆರಿತು.
ಅವಳ ಕಣ್ಣು ಹಾರೆಯ ಮೇಲೆ,
ಅವನ ಕಣ್ಣು ರಿಮ್ಮಿನ ಮೇಲೆ,
ನನ್ನ ಕಣ್ಣು ಸೀಮೆಸುಣ್ಣದ ತುದಿಯಲ್ಲಿ:
ಸುತ್ತು ಪೂರ್ತಿ ಬಂತು, ಎಲ್ಲೂ ಮೆತ್ತಲಿಲ್ಲ.

ದುಡ್ಡು ಎಣಿಸಿ ಕೊಟ್ಟಳು. ರಿಮ್ಮು ಎತ್ತಲು ಬಗ್ಗಿದಳು.
ಉರುಳಿಸಿ ಇಳಿಸಬಹುದು, ಉರುಳಿಸಿ ಹತ್ತಿಸಲಾಗುವುದಿಲ್ಲ.
ನನ್ನ ಕೈಯಲ್ಲಿ ಉರಿಯುವ ಗ್ಯಾಸು.
ಪಳಂಗಪ್ಪ ಡ್ರಮ್ಮಿನಿಂದ ಎದ್ದ,
ಎದ್ದದ್ದು ಯಾಕೆಂದು ಮರೆತವನಂತೆ ಒಂದು ಗಳಿಗೆ ನಿಂತ,
ಆಮೇಲೆ ಆಚೆ ಬದಿಗೆ ಹೋಗಿ ಹಿಡಿದ.

"ಅಂಚು ಮುಟ್ಟಬೇಡ," ಅಂದಳು ಮುಖ ನೋಡದೆ,
"ಇನ್ನೂ ಬಿಸಿ."

ಹೊಸಿಲು ದಾಟಿಸುವಾಗ ಒಳಮೈ ಬೆಳಕಿಗೆ ತಿರುಗಿತು.
ಮೂರರ ಪಕ್ಕ ನನ್ನದೊಂದು.
ಸಾಲಿನಲ್ಲಿ ಇನ್ನೊಂದಕ್ಕೆ ಜಾಗ ಬಿಟ್ಟೇ ಕುಟ್ಟಿದ್ದೆ.